ಆಟದ ನಡುವೆ ಗ್ರಾಫಿಕ್ಸ್ ಕಾರ್ಡ್ ಸ್ತಬ್ಧವಾದರೆ ದೋಷ ಎಲ್ಲಿದೆಯೆಂದು ತಿಳಿಯುವುದು ಹೇಗೆ?

ಭಾರಿ ಆಟಗಳಲ್ಲಿ ಮಾತ್ರ ಪರದೆ ಸ್ತಬ್ಧವಾಗುತ್ತದೆ, ಕೆಲವೊಮ್ಮೆ ಕಂಪ್ಯೂಟರೇ ರೀಸ್ಟಾರ್ಟ್ ಆಗುತ್ತದೆ ಎಂದು ಕೇಳಿದ್ದೀರಿ. ಈ ಎರಡು ಲಕ್ಷಣಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಾರ್ಡ್ ಸುಮಾರು 2 ಸೆಕೆಂಡುಗಳೊಳಗೆ ಪ್ರತಿಕ್ರಿಯಿಸದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) ಮರುಚಾಲನೆಗೊಳಿಸುತ್ತದೆ. ಆಗ ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನಲ್ಲಿ ಸಾಮಾನ್ಯವಾಗಿ 4101 ಎಂಬ ಸಂಖ್ಯೆಯ ದಾಖಲೆ ಸಿಗುತ್ತದೆ. ಹಾಗಿದ್ದಲ್ಲಿ ಓವರ್‌ಕ್ಲಾಕ್ (ಕಾರ್ಡ್‌ನ ವೇಗವನ್ನು ನಿಗದಿಗಿಂತ ಹೆಚ್ಚಿಸಿದ್ದು) ತೆಗೆದು, ವಿಂಡೋಸ್ ಅಗತ್ಯ ಭಾಗಗಳಿಂದಷ್ಟೇ ನಡೆಯುವ ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸಿ, ಹೊಸದನ್ನು ಹಾಕಿ ನೋಡಿ.

ಅಂಥ ದಾಖಲೆಯಿಲ್ಲದೆ ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ ಇದ್ದರೆ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತೆಂದಷ್ಟೇ ಅದರ ಅರ್ಥ. ಆದರೂ ನಾನು ಮೊದಲು ಸಂಶಯಿಸುವುದು ಪವರ್ ಸಪ್ಲೈಯನ್ನು. ಮದರ್‌ಬೋರ್ಡಿನ ಸ್ಲಾಟ್‌ನಿಂದ ಹೆಚ್ಚೆಂದರೆ 75 ವ್ಯಾಟ್, 8 ಪಿನ್‌ನ ಪ್ರತಿ ಕನೆಕ್ಟರ್‌ನಿಂದ 150 ವ್ಯಾಟ್ ಪಡೆಯುವಂತೆ ಕಾರ್ಡ್‌ಗಳನ್ನು ರೂಪಿಸಿರುತ್ತಾರೆ, ಆದರೆ ದೃಶ್ಯ ಥಟ್ಟನೆ ಬದಲಾದಾಗ ಬೇಡಿಕೆ ಕ್ಷಣಮಾತ್ರ ಈ ಮಿತಿಯನ್ನೂ ಮೀರಬಹುದಾದ್ದರಿಂದ, ಹಳೆಯ ಪವರ್ ಸಪ್ಲೈ ಅಲ್ಲಿಯೇ ಸೋಲುತ್ತದೆ. ಎರಡು ಕನೆಕ್ಟರ್‌ಗಳಿದ್ದರೆ ಕವಲೊಡೆದ ಒಂದೇ ಕೇಬಲ್ ಬದಲು ಎರಡು ಪ್ರತ್ಯೇಕ ಕೇಬಲ್‌ಗಳನ್ನು ಬಳಸಿ. ನಂತರ ಕಾರ್ಡ್‌ನ ಪವರ್ ಲಿಮಿಟ್ (ಅದು ಬಳಸಬಹುದಾದ ವಿದ್ಯುತ್ತಿನ ಮಿತಿ) ಅನ್ನು ಶೇ. 80ಕ್ಕೆ ಇಳಿಸಿ ಆಡಿ ನೋಡಿ: ತೊಂದರೆ ಮಾಯವಾದರೆ ವಿದ್ಯುತ್ ಅಥವಾ ಶಾಖವೇ ಕಾರಣವಾಗಿರುವ ಸಂಭವ ಹೆಚ್ಚು. ಫ್ಯಾನ್‌ಗಳ ಧೂಳನ್ನೂ ತೆಗೆಯಿರಿ.

ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯಾಸ್ ಪರದೆಯಲ್ಲೇ ಬಣ್ಣದ ಚೌಕಗಳೋ ಗೆರೆಗಳೋ ಕಂಡರೆ ಅದು ಡ್ರೈವರಿನ ತಪ್ಪಲ್ಲ, ಬಹುಪಾಲು ಸಂದರ್ಭಗಳಲ್ಲಿ ಕಾರ್ಡ್‌ನ ಮೆಮೊರಿ ಚಿಪ್ ಕೆಟ್ಟಿರುತ್ತದೆ. ಸರಿಪಡಿಸಲೆಂದು ಕಾರ್ಡನ್ನು ಓವನ್‌ನಲ್ಲಿ ಬಿಸಿಮಾಡುವ, ಕೆಲವರು ಹೇಳುವ ಉಪಾಯವನ್ನು ದಯವಿಟ್ಟು ಪ್ರಯತ್ನಿಸಬೇಡಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ, ವಾರಂಟಿ ಇದ್ದರೆ ಬಿಚ್ಚದೆ ಹಿಂದಿರುಗಿಸಿ.