ಕೇಳಿ, ಹೇಳುತ್ತೇನೆ: ಬ್ಯಾಕ್ಟೀರಿಯಾಗಳ ನಡುವೆ ಸುದ್ದಿ

ಪ್ರಶ್ನೆ: ಬ್ಯಾಕ್ಟೀರಿಯಾಗಳು ಒಂದಕ್ಕೊಂದು ‘ಮಾತಾಡುವಂತೆ’ ವಿಜ್ಞಾನಿಗಳು ಮಾಡಿದ್ದಾರಂತೆ. ಕಿವಿ, ಬಾಯಿ ಇಲ್ಲದ ಜೀವಿಗೆ ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಸಾಗರ

‘ಮಾತು’ ಅನ್ನುವ ಪದ ನನಗೆ ಹಿಡಿಸದು. ವಾಸನೆ ಅನ್ನಿ, ಒಪ್ಪುತ್ತೇನೆ. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಗೊತ್ತಾಗುತ್ತದೆ. ನಮಗೆ ತಿಳಿಸಲೆಂದು ಅವರು ಹಾಕಿದ್ದಲ್ಲ.

ಹವಾಯಿಯ ಕಡಲಲ್ಲಿರುವ ಸ್ಕ್ವಿಡ್ ಎಂಬ ಒಂದು ಪುಟ್ಟ ಮೆದುಮೈ ಜೀವಿಯ ಹೊಟ್ಟೆಯಡಿ ಬೆಳಕಿನ ಚೀಲವಿದೆ. ಬೆಳಗುವುದು ಸ್ಕ್ವಿಡ್ ಅಲ್ಲ, ಒಳಗೆ ಕಿಕ್ಕಿರಿದ ವಿಬ್ರಿಯೊ ಫಿಷೆರಿ ಬ್ಯಾಕ್ಟೀರಿಯಾ. ಇದೇ ಬ್ಯಾಕ್ಟೀರಿಯಾ ಕಡಲ ನೀರಿನಲ್ಲಿ ಚದುರಿಕೊಂಡಾಗ ಬೆಳಗುವುದಿಲ್ಲ. ಲಕ್ಸ್-ಐ ಎಂಬ ಪ್ರೋಟೀನ್ ಎ.ಎಚ್.ಎಲ್. ಎಂಬ ಸಣ್ಣ ಅಣುವನ್ನು ತಯಾರಿಸುತ್ತದೆ. ಅದು ಕೋಶದ ಗೋಡೆ ದಾಟಿ ಸೋರುತ್ತದೆ. ಗುಂಪು ದಟ್ಟವಾದಷ್ಟೂ ಸುತ್ತ ಅಣು ಹೆಚ್ಚು. ಸಾಕಷ್ಟಾದಾಗ ಲಕ್ಸ್-ಆರ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಬೆಳಕಿನ ಜೀನ್‌ಗಳನ್ನು ಚಾಲೂ ಮಾಡುತ್ತದೆ. 1983ರಲ್ಲಿ ಈ ಜೀನ್‌ಗಳನ್ನು ನಮ್ಮ ಕರುಳಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ ಅದೂ ಬೆಳಗಿತು.

ಎಂಜಿನಿಯರರ ಕೈಚಳಕ ಶುರುವಾಗುವುದು ಜೋಡಿಯನ್ನು ಬಿಡಿಸುವಲ್ಲಿ. ಲಕ್ಸ್-ಐ ಒಂದು ಕೋಶಕ್ಕೆ, ಲಕ್ಸ್-ಆರ್ ಇನ್ನೊಂದಕ್ಕೆ. ಒಂದು ಬರೀ ಕಳಿಸುತ್ತದೆ, ಇನ್ನೊಂದು ಬರೀ ಕೇಳಿಸಿಕೊಳ್ಳುತ್ತದೆ. 2005ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾನ್ ವೈಸ್, ಅಲ್ಲಿನದೇ ಇನ್ನೊಂದು ವಿಜ್ಞಾನ ಸಂಸ್ಥೆ ಕ್ಯಾಲ್ಟೆಕ್‌ನ ಫ್ರಾನ್ಸಿಸ್ ಅರ್ನಾಲ್ಡ್ (2018ರಲ್ಲಿ ನೊಬೆಲ್ ಪಡೆದವರು) ಮತ್ತು ಸಂಗಡಿಗರು ಕೇಳುವ ಕೋಶಗಳನ್ನು ತಟ್ಟೆ ತುಂಬ ಹರಡಿ, ಕಳಿಸುವವನ್ನು ನಡುವೆ ಬೊಟ್ಟಿನಂತೆ ಇಟ್ಟರು. ಬೊಟ್ಟಿನ ಹತ್ತಿರ ಹಸಿರು ಬೆಳಕಿಲ್ಲ, ತೀರಾ ದೂರದಲ್ಲೂ ಇಲ್ಲ; ನಡುವೆ ಮಾತ್ರ ಹಸಿರು ಬಳೆ! ಕಾರಣ, ಕೇಳುವ ಕೋಶವನ್ನು ಹಸಿರಾಗಿ ಬೆಳಗಿಸುವ ಜೀನ್‌ಗೆ ಇಬ್ಬರು ಕಾವಲುಗಾರರು, ಇಬ್ಬರೂ ಪ್ರೋಟೀನ್‌ಗಳೇ. ಅಣು ಕಡಿಮೆ ಇದ್ದಲ್ಲಿ ಮೊದಲನೆಯವನೇ ಬಾಗಿಲು ಹಾಕಿರುತ್ತಾನೆ. ಸ್ವಲ್ಪ ಹೆಚ್ಚಿದರೆ ಅವನು ಕೆಲಸ ಬಿಡುತ್ತಾನೆ. ತೀರಾ ಹೆಚ್ಚಿದರೆ ಎರಡನೆಯವನು ಬಂದು ಮತ್ತೆ ಮುಚ್ಚುತ್ತಾನೆ. ಆ ಬಳೆಯ ಚಿತ್ರವನ್ನು ಮೊದಲ ಸಲ ನೋಡಿದ ದಿನ ತರಗತಿಗೆ ತಡವಾಗಿ ಹೋದೆ.

ಕಾಗದದ ಮೇಲೆ ಇಷ್ಟು ಸಲೀಸು. ನಾನು ಪಾಠ ಹೇಳುತ್ತಿದ್ದಾಗ ಇದರ ಚಿಕ್ಕ ರೂಪವನ್ನು ವಿದ್ಯಾರ್ಥಿಗಳಿಂದ ಮಾಡಿಸಹೋಗಿ ವಾರಗಟ್ಟಲೆ ಪರದಾಡಿದೆ. ಕೇಳುವ ಕೋಶಗಳು ಕಿವುಡಾಗಿದ್ದವು. ಜೀನ್‌ಗಳನ್ನು ಹೊತ್ತು ಕೋಶದೊಳಗೆ ಒಯ್ಯುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್ಡೇ ಕೆಟ್ಟಿದೆ ಎಂದು ಎರಡು ಸಲ ಬದಲಿಸಿದೆವು. ಕೊನೆಗೆ ಒಬ್ಬ ಹುಡುಗಿ, ‘ಸಾರ್, ದ್ರಾವಣದ ಪಿಎಚ್ ನೋಡಿದ್ರಾ?’ ಎಂದಳು. ಎಂಟು ದಾಟಿತ್ತು. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ; ಏಳು ದಾಟಿದರೆ ಕ್ಷಾರ. ಎ.ಎಚ್.ಎಲ್.ನಲ್ಲಿ ಲ್ಯಾಕ್ಟೋನ್ ಎಂಬ ಉಂಗುರವಿದೆ. ಕ್ಷಾರದಲ್ಲಿ ಅದು ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಅಣುವನ್ನು ಲಕ್ಸ್-ಆರ್ ಗುರುತಿಸುವುದಿಲ್ಲ. ಕೋಶಗಳು ಕಿವುಡಲ್ಲ, ಸುದ್ದಿಯೇ ದಾರಿಯಲ್ಲಿ ಸತ್ತಿತ್ತು. ಪಿಎಚ್ ಆರೂವರೆಗೆ ಇಳಿಸಿದ ಮರುದಿನ ತಟ್ಟೆ ಹಸಿರಾಯಿತು. ದ್ರಾವಣ ತಯಾರಿಸಿದ್ದು ನಾನೇ ಎಂಬುದನ್ನು ಆಗ ಯಾರಿಗೂ ಹೇಳಲಿಲ್ಲ.

ಪ್ರಶ್ನೆ: ನಮ್ಮ ಮನೆಯ ಮೊಸರಿನಲ್ಲೂ ಹೀಗೆ ಸುದ್ದಿ ಹರಿಯುತ್ತದೆಯೇ?
– ಗೃಹಿಣಿಯೊಬ್ಬರು, ತುಮಕೂರು

ಹರಿಯಬಹುದು. ಹೆಪ್ಪು ಹಾಕುವ ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬುದುಂಟು. ಅದರ ಕೆಲವು ತಳಿಗಳು ನೈಸಿನ್ ಎಂಬ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಹೊರಹಾಕುತ್ತವೆ. ಪರ ಬ್ಯಾಕ್ಟೀರಿಯಾಗಳಿಗೆ ಅದು ವಿಷ. ತಮ್ಮವರಿಗೆ ‘ಇನ್ನಷ್ಟು ನೈಸಿನ್ ಮಾಡಿ’ ಎಂಬ ಸೂಚನೆ. ಈ ಸ್ವಿಚ್ಚಿಗೆ ತಮಗೆ ಬೇಕಾದ ಜೀನ್ ಜೋಡಿಸಿ, ಚಿಟಿಕೆ ನೈಸಿನ್ ಹಾಕಿ ಬೇಕಾದ ಪ್ರೋಟೀನ್ ಮಾಡಿಸಿಕೊಳ್ಳುವ ವಿಧಾನ ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿದೆ. ನಿಮ್ಮ ಗಡಿಗೆಯಲ್ಲಿ ಆ ತಳಿ ಇದೆಯೋ ಇಲ್ಲವೋ ನಾಲಿಗೆಗೆ ತಿಳಿಯದು. ಮೊಸರು ಹುಳಿಯಾದರೆ ನೈಸಿನ್‌ನ ಮೇಲೆ ತಪ್ಪು ಹೊರಿಸಬೇಡಿ, ಅದು ಸೆಕೆಯ ಕೆಲಸ.