ಕೊರಿಯನ್, ಜಪಾನಿ ಡ್ರಾಮಾ ತುಂಬಾ ನಿಧಾನ ಅನಿಸುತ್ತದೆ. 1.5 ಸ್ಪೀಡಲ್ಲಿ ನೋಡಿದರೆ ಏನಾದರೂ ತಪ್ಪಿಹೋಗುತ್ತಾ?

ತಪ್ಪಿಹೋಗುತ್ತದೆ. ನನಗೆ ತಪ್ಪಿಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗೆಳೆಯರು ಕೊಟ್ಟ ಮೂವತ್ತು ಹೆಸರುಗಳ ಪಟ್ಟಿ, ದಿನಕ್ಕೆ ಸಿಗುವ ಒಂದೇ ಗಂಟೆ, ಎರಡನೇ ಎಪಿಸೋಡಿಗೇ ಬರುವ ಆಕಳಿಕೆ, ಹಿಂದಿ ಡಬ್ಬಿಂಗ್ ಹಾಕಿಕೊಂಡರೆ ಬೇಗ ಮುಗಿಯುತ್ತಾ ಅನ್ನುವ ಯೋಚನೆ. ಆ ಒಂದು ಗಂಟೆಯ ಮಾತು ಬಿಟ್ಟರೆ ನೀವು ಬರೆದದ್ದೆಲ್ಲ 2021ರಲ್ಲಿ ನನ್ನ ಕಥೆಯೇ ಆಗಿತ್ತು.

ಎರಡನೇ ಲಾಕ್‌ಡೌನ್ ಸಮಯ. ನಾನು ಪುಣೆಯ ಒಂದು ರೂಮಿನಲ್ಲಿ ಒಬ್ಬನೇ. ಅಕ್ಕ ದಾವಣಗೆರೆಯಲ್ಲಿ, ಗಂಡನ ಮನೆಯಲ್ಲಿ. ಒಂದು ದಿನ ಅವಳೇ ಫೋನ್ ಮಾಡಿ ಹೇಳಿದಳು. "ರಿಪ್ಲೈ 1988 ಅಂತ ಒಂದಿದೆ ಕಣೋ. ದಿನಕ್ಕೊಂದು ಎಪಿಸೋಡ್ ನೋಡೋಣ. ನೀನು ಅಲ್ಲಿ, ನಾನು ಇಲ್ಲಿ. ರಾತ್ರಿ ಮಾತಾಡೋಣ." ಸರಿ ಅಂದೆ.

ನೀವು ಅದನ್ನು ನೋಡಿಲ್ಲ ಅಂದುಕೊಂಡು ಸ್ವಲ್ಪ ಹೇಳುತ್ತೇನೆ. ಕೊರಿಯಾದ ಟಿವಿಎನ್ ಚಾನೆಲ್ಲಿನಲ್ಲಿ 2015ರ ನವೆಂಬರಿನಿಂದ 2016ರ ಜನವರಿವರೆಗೆ ಬಂದದ್ದು. ಒಟ್ಟು 20 ಎಪಿಸೋಡ್, ಒಂದೊಂದೂ ಒಂದೂವರೆ ಗಂಟೆಯ ಆಸುಪಾಸು. ಸಿಯೋಲ್ ಒಲಿಂಪಿಕ್ಸ್ ನಡೆದ ವರ್ಷ, ಅದೇ ಊರಿನ ಸಾಂಗ್‌ಮುನ್‌ಡಾಂಗ್ ಅನ್ನುವ ಕಡೆ ಒಂದು ಓಣಿ. ಐದು ಮನೆ, ಜೊತೆಗೇ ಬೆಳೆದ ಐವರು ಗೆಳೆಯರು. ವಿಲನ್ ಅಂತ ಯಾರೂ ಇಲ್ಲ. ಮೊದಲ ಎಪಿಸೋಡಿನಲ್ಲೇ ಒಂದು ಊಟದ ಹೊತ್ತು ಬರುತ್ತದೆ. ಒಬ್ಬ ತಾಯಿ ಮಾಡಿದ ಪಲ್ಯವನ್ನು ಮಗನ ಕೈಲಿ ಪಕ್ಕದ ಮನೆಗೆ ಕಳಿಸುತ್ತಾಳೆ. ಆ ಮನೆಯವರು ಇನ್ನೇನೋ ಹಾಕಿ ಕಳಿಸುತ್ತಾರೆ. ಅಷ್ಟೂ ಮಕ್ಕಳು ಬಟ್ಟಲು ಹಿಡಿದು ಓಣಿಯಲ್ಲಿ ಓಡಾಡಿದ್ದೇ ಓಡಾಡಿದ್ದು. ನಮ್ಮ ಅಜ್ಜಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸ್ ಕಳಿಸಿದವರಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಅಕ್ಕನಿಗೆ ಇದು ಹಿಡಿಸಿದ್ದು ಅದಕ್ಕೇ.

ಜೊತೆಗೆ ಕಥೆಯಲ್ಲಿ ಒಂದು ಒಗಟು ಇದೆ. ಡಾಕ್‌ಸುನ್ ಅನ್ನುವ ಹುಡುಗಿ ಮುಂದೆ ಈ ಓಣಿಯ ಹುಡುಗರಲ್ಲಿ ಯಾರನ್ನು ಮದುವೆಯಾದಳು ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ನನ್ನ ತಪ್ಪು ಶುರುವಾದದ್ದು ಅಲ್ಲೇ. ಇದನ್ನು ಬಿಡಿಸಿ ಹೇಳಬೇಕು. ನೀವು ಕೇಳುತ್ತಿರುವುದು ಸ್ಪೀಡಿನ ಬಗ್ಗೆ ಮಾತ್ರ, ಸ್ಪೀಡ್ ಬಂದದ್ದು ಆಮೇಲೆ. ಮೊದಲು ಬಂದದ್ದು ಆ ಒಗಟಿನ ಹುಚ್ಚು. ಗಂಡ ಯಾರು ಅನ್ನುವುದೇ ಕಥೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು. ಒಮ್ಮೆ ಹಾಗೆ ಕೂತಮೇಲೆ ಪ್ರತಿ ದೃಶ್ಯವನ್ನೂ ಎರಡು ಗುಂಪು ಮಾಡತೊಡಗಿದೆ. ಒಗಟಿಗೆ ಬೇಕಾದದ್ದು, ಬೇಡವಾದದ್ದು. ಡಾಕ್‌ಸುನ್ ಜೊತೆ ಹುಡುಗರು ಇದ್ದರೆ ಬೇಕು. ಅಮ್ಮಂದಿರು ಸೊಪ್ಪು ಬಿಡಿಸುತ್ತಾ ಕೂತಿದ್ದರೆ ಬೇಡ. ಅಪ್ಪ ಕುಡಿದು ಮನೆಗೆ ಬರುತ್ತಿದ್ದರೆ ಬೇಡ. ಬೇಡವಾದದ್ದನ್ನು ಬೇಗ ದಾಟಲು 1.5 ಸ್ಪೀಡ್ ಹಾಕಿದೆ. ಅದೂ ಸಾಲದಾಯಿತು. ಹತ್ತು ಸೆಕೆಂಡ್ ಮುಂದಕ್ಕೆ ಹಾರಿಸುವ ಬಟನ್ ಇದೆಯಲ್ಲ, ಹೆಬ್ಬೆರಳು ಅದರ ಮೇಲೇ ಇರುತ್ತಿತ್ತು. ಆರನೇ ಎಪಿಸೋಡ್ ಹೊತ್ತಿಗೆ ತಡೆಯಲಾಗದೆ ಗಂಡ ಯಾರು ಅಂತ ಹುಡುಕಿ ಓದಿಬಿಟ್ಟೆ. ಅಲ್ಲಿಗೆ ಉಳಿದ 14 ಎಪಿಸೋಡ್ ಗೊತ್ತಿರುವ ಉತ್ತರವನ್ನು ಸರಿನೋಡುವ ಕೆಲಸವಾಯಿತು. ಐದು ದಿನಕ್ಕೆ ಎಲ್ಲ ಮುಗಿಯಿತು. ನೋಡಿದೆ ಅಂತಲೇ ನಂಬಿದ್ದೆ. ಯಾರಾದರೂ ಕೇಳಿದರೆ ಕಥೆಯನ್ನು ಪೂರ್ತಿ ಹೇಳಬಲ್ಲವನಾಗಿದ್ದೆ.

ಎರಡನೇ ದಿನ ರಾತ್ರಿ ಅಕ್ಕ ಫೋನ್ ಮಾಡಿದ್ದಳು.

"ಅಜ್ಜಿ ತೀರಿಕೊಳ್ಳೋದು ಬಂತಲ್ಲ, ನೋಡಿದ್ಯೇನೋ?"

"ಹ್ಞೂ ಅಕ್ಕಾ. ಸ್ವಲ್ಪ ಎಳೆದಿದ್ದಾರೆ ಅಲ್ವಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಊಟ ಆಯ್ತಾ?" ಅಂದಳು. ನಾನೂ ಬೇರೆ ಮಾತಿಗೆ ಹೋದೆ.

ಒಂಬತ್ತನೇ ದಿನ ಗಂಡ ಇವನೇ ಇರಬೇಕು ಅಂತ ಅವಳು ಖುಷಿಯಿಂದ ಲೆಕ್ಕ ಹಾಕುತ್ತಿದ್ದಳು. ನಾನು ಬಾಯಿ ಬಿಟ್ಟೆ. ಹೆಸರು ಹೇಳಿಬಿಟ್ಟೆ. "ಹೇಳಬಾರದಿತ್ತು ಕಣೋ" ಅಂದಳು, ಅಷ್ಟೇ. ಬೈಯಲಿಲ್ಲ. ಮಾರನೇ ದಿನದಿಂದ ನೋಡುವುದನ್ನು ನಿಲ್ಲಿಸಿದಳು. ರಾತ್ರಿಯ ಫೋನೂ ನಿಂತಿತು.

ಆ ವರ್ಷ ಡಿಸೆಂಬರಿನಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಹೆಂಡತಿ ಟಿವಿಯಲ್ಲಿ ಅದೇ ಡ್ರಾಮಾ ಹಾಕಿಕೊಂಡಿದ್ದರು, ಅದೇ ಎರಡನೇ ಎಪಿಸೋಡ್. ಆ ಟಿವಿಯಲ್ಲಿ ಸ್ಪೀಡ್ ಬದಲಿಸಲು ಬರುತ್ತಿರಲಿಲ್ಲ, ರಿಮೋಟ್ ಕೂಡ ನನ್ನ ಕೈಯಲ್ಲಿರಲಿಲ್ಲ. ತಟ್ಟೆ ಹಿಡಿದು ಸುಮ್ನೆ ಕೂತೆ.

ಡಾಕ್‌ಸುನ್‌ಳ ಅಜ್ಜಿ ಹಳ್ಳಿಯಲ್ಲಿ ತೀರಿಕೊಂಡಿದ್ದಾರೆ. ಮಕ್ಕಳು ಅಳುತ್ತಾ ಹೋದರೆ ಅಲ್ಲಿ ಜಾತ್ರೆಯಂತೆ ಜನ. ಬಂದವರಿಗೆ ಊಟ ಬಡಿಸುತ್ತಿದ್ದಾರೆ. ಅಪ್ಪ, ಅವನ ಒಡಹುಟ್ಟಿದವರು ಎಲ್ಲರೂ ನೆಂಟರ ಜೊತೆ ನಗುತ್ತಾ ಮಾತಾಡುತ್ತಿದ್ದಾರೆ. ಆ ಹುಡುಗಿಗೆ ಅರ್ಥವೇ ಆಗುವುದಿಲ್ಲ. ಸತ್ತಿರುವುದು ಇವರ ಅಮ್ಮ ತಾನೇ, ಹೇಗೆ ನಗುತ್ತಾರೆ? ಆ ನಗು ಬಹಳ ಹೊತ್ತು ನಡೆಯುತ್ತದೆ. ನೋಡುವವರಿಗೂ ಸಿಟ್ಟು ಬರುವಷ್ಟು ಹೊತ್ತು. ಆಮೇಲೆ ಅಮೆರಿಕದಿಂದ ದೊಡ್ಡಣ್ಣ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅಲ್ಲಿಯವರೆಗೆ ನಗುತ್ತಿದ್ದ ಅಪ್ಪ ಒಮ್ಮೆಲೇ ಕುಸಿದು, ಅಣ್ಣನನ್ನು ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಾನೆ.

ನಾನು ಮೊದಲ ಸಲ ನೋಡಿದ್ದು ಆ ಅಳುವನ್ನು ಮಾತ್ರ. ನಗುವನ್ನು ಹಾರಿಸಿದ್ದೆ. ಅಷ್ಟುದ್ದದ ನಗು ಇಲ್ಲದಿದ್ದರೆ ಆ ಅಳುವಿಗೆ ತೂಕವೇ ಇಲ್ಲ. ಅದಕ್ಕೇ ಅವತ್ತು ನನಗೆ ಅದು ಎಳೆದಂತೆ ಕಂಡದ್ದು.

ನಮ್ಮ ಅಜ್ಜಿ ಹೋದದ್ದು 2020ರ ಫೆಬ್ರವರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ. ಅವತ್ತು ಅಪ್ಪ ಜಗಲಿಯ ಮೇಲೆ ಬಂದವರಿಗೆಲ್ಲ ಕಾಫಿ ಕೊಡಿಸುತ್ತಾ, ಅಜ್ಜಿ ಕಾಫಿಪುಡಿ ಡಬ್ಬವನ್ನು ಹೇಗೆ ಬಚ್ಚಿಡುತ್ತಿದ್ದರು ಅಂತ ಹೇಳಿ ನಗುತ್ತಿದ್ದರು. ನನಗೆ ಮೈ ಉರಿದುಹೋಯಿತು. ಯಾರಿಗೂ ಹೇಳದೆ ಅಟ್ಟಕ್ಕೆ ಹೋಗಿ ಮಲಗಿದೆ. ಪುಣೆಗೆ ವಾಪಸ್ ಬಂದಮೇಲೂ ಅಪ್ಪನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಫೋನ್ ಮಾಡಿದರೆ ಅಮ್ಮನಿಗೆ ಕೊಡಿ ಅನ್ನುತ್ತಿದ್ದೆ. ಹೆಚ್ಚುಕಮ್ಮಿ ಎರಡು ವರ್ಷ.

ಗೆಳೆಯನ ಮನೆಯಿಂದ ಹೊರಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದು. ಎರಡನೇ ಎಪಿಸೋಡ್ ಈಗ ನೋಡಿದೆ ಅಂದೆ. ಅವಳಿಗೆ ತಕ್ಷಣ ತಿಳಿಯಿತು.

"ನೀನು ಅವತ್ತು ಅಟ್ಟದಲ್ಲಿ ಮಲಗಿಬಿಟ್ಟಿದ್ದೆ ಕಣೋ" ಅಂದಳು. ಮುಂಬಯಿಯಿಂದ ಸೋದರತ್ತೆ ಬಂದು ಸೇರಿದಾಗ ರಾತ್ರಿ ಎರಡು ದಾಟಿತ್ತಂತೆ. ಅಪ್ಪ ಬ್ಯಾಟರಿ ಹಿಡಿದು ದಣಪೆವರೆಗೆ, ಅಂದರೆ ಬೇಲಿಯ ಬಾಗಿಲವರೆಗೆ ಹೋದರಂತೆ. ಕಾಲು ತೊಳೆಯಲು ನೀರು ಕೊಡೋಣ ಅಂತ ಅಕ್ಕ ಚೊಂಬು ಹಿಡಿದು ಹಿಂದೆಯೇ ಹೋಗಿದ್ದಾಳೆ. ನೋಡಿದರೆ ಬ್ಯಾಟರಿ ಕೆಳಗೆ ಬಿದ್ದು ಹುಲ್ಲಿನ ಮೇಲೆ ಉರಿಯುತ್ತಿದೆ. ಅಪ್ಪ, ಅತ್ತೆ ಇಬ್ಬರೂ ದಣಪೆ ಹತ್ತಿರ ನೆಲದ ಮೇಲೇ ಕೂತಿದ್ದಾರೆ. ಅಪ್ಪ ಅತ್ತ ಸದ್ದನ್ನು ಅವಳು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಚೊಂಬು ಹಿಡಿದು ಅಲ್ಲೇ ನಿಂತಿದ್ದಳಂತೆ.

"ಆ ಸೀನ್ ನೋಡಿದ ದಿನ ಅದನ್ನೇ ಹೇಳೋಣ ಅಂತ ಫೋನ್ ಮಾಡಿದ್ದು. ನೀನು ಎಳೆದಿದ್ದಾರೆ ಅಂದೆ."

ನಾನು ಕಳೆದುಕೊಂಡದ್ದು ಇದನ್ನು. ಅವತ್ತೇ ಆ ಮಾತು ಕೇಳಿಸಿಕೊಂಡಿದ್ದರೆ ಅಪ್ಪನ ಜೊತೆ ಆರು ತಿಂಗಳು ಮೊದಲೇ ಸರಿಯಾಗುತ್ತಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಗ ಮುಗಿಸುವುದು ಹೇಗೆ ಅಂತ ಕೇಳಿದ್ದೀರಿ. ಮುಗಿಸಲೇಬೇಕು ಅಂತ ಯಾರು ಹೇಳಿದ್ದು? ಆ ಮೂವತ್ತರ ಪಟ್ಟಿಯನ್ನು ಹರಿದು ಎಸೆಯಿರಿ. ಮೂರು ಎಪಿಸೋಡ್ ನೋಡಿ. ಹಿಡಿಸದಿದ್ದರೆ ಪೂರ್ತಿ ಬಿಟ್ಟುಬಿಡಿ, ಅದರಲ್ಲಿ ಏನೂ ನಷ್ಟವಿಲ್ಲ. ಓಡಿಸಿ ನೋಡುವುದರಲ್ಲಿ ಮಾತ್ರ ನಷ್ಟ ಇದೆ, ಯಾಕೆಂದರೆ ನೋಡಿಯಾಯಿತು ಅಂತ ನಂಬಿಕೊಂಡು ಮತ್ತೆ ಅದರ ಹತ್ತಿರ ಹೋಗುವುದಿಲ್ಲ. ಇಡೀ ಡ್ರಾಮಾವನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಯೂಟ್ಯೂಬ್ ವಿಡಿಯೋಗಳೂ ಹಾಗೇ. ವೇಗವೇ ಬೇಕು ಅನಿಸಿದರೆ ವೇಗವಾಗಿಯೇ ಮಾಡಿದ್ದನ್ನು ನೋಡಿ. 2021ರ ಸ್ಕ್ವಿಡ್ ಗೇಮ್ ಮೊದಲ ಸೀಸನ್ ಒಂಬತ್ತೇ ಎಪಿಸೋಡ್, ಅಲ್ಲಿ ನೀವು ಯಾವ ಬಟನ್ನನ್ನೂ ಒತ್ತಬೇಕಾಗಿಲ್ಲ.

ಹಿಂದಿ ಡಬ್ಬಿಂಗ್ ಬೇಡ. ಇದರಲ್ಲಿ ನಾನು ಹಟಮಾರಿ. ಕನ್ನಡದವರಿಗೆ ಕೊರಿಯನ್ ಮಾತು ಕೇಳಿಸಿಕೊಳ್ಳುವುದರಲ್ಲಿ ಒಂದು ಸುಖ ಇದೆ. ಅವರೂ ಅಪ್ಪನನ್ನು ಅಪ್ಪಾ ಅಂತಲೇ ಕರೆಯುತ್ತಾರೆ. ಅಮ್ಮ ಅವರ ಬಾಯಲ್ಲಿ ಒಮ್ಮಾ. ನಮ್ಮ ಊರಿನಲ್ಲಿ ಹೆಂಗಸರನ್ನು ಮಗುವಿನ ಹೆಸರು ಹಿಡಿದು ಕರೆಯುವ ಹಾಗೆ ರಿಪ್ಲೈ 1988ರ ಆ ಓಣಿಯಲ್ಲೂ ಸುನ್‌ವೂ ಅನ್ನುವ ಹುಡುಗನ ತಾಯಿಯನ್ನು ಸುನ್‌ವೂ ಒಮ್ಮಾ ಅಂತ ಕರೆಯುತ್ತಾರೆ. ನೀನು, ನೀವು ಅನ್ನುವ ವ್ಯತ್ಯಾಸ ಅಲ್ಲಿ ಕ್ರಿಯಾಪದದ ಕೊನೆಯಲ್ಲಿರುತ್ತದೆ. ಮರ್ಯಾದೆ ಕೊಟ್ಟು ಮಾತಾಡಿದರೆ ಸಾಲಿನ ಕೊನೆಗೆ ಹೆಚ್ಚಾಗಿ ಯೊ ಅಂತ ಬರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಇದನ್ನು ಹೇಳುವುದಿಲ್ಲ, ನಿಮ್ಮ ಕಿವಿ ಹೇಳುತ್ತದೆ. 2018ರ ಮೈ ಮಿಸ್ಟರ್ ನೋಡುವಾಗ ನನಗೆ ಇದು ಚೆನ್ನಾಗಿ ತಿಳಿಯಿತು. ಅದರ ಕೊರಿಯನ್ ಹೆಸರಿನಲ್ಲೇ ಅಜೊಶ್ಶಿ ಅನ್ನುವ ಪದ ಇದೆ, ನೆಂಟನಲ್ಲದ ನಡುವಯಸ್ಸಿನ ಗಂಡಸನ್ನು ಕರೆಯುವ ಮಾತು. ಸಾಲದಲ್ಲಿ ಮುಳುಗಿದ ಒಬ್ಬ ಹುಡುಗಿ ಆಫೀಸಿನ, ನಲವತ್ತು ದಾಟಿದ ಒಬ್ಬನನ್ನು ಹಾಗೆ ಕರೆಯುತ್ತಾಳೆ. ಮೊದಲು ಕಲ್ಲಿನ ಹಾಗಿದ್ದ ಆ ದನಿ 16 ಎಪಿಸೋಡಿನಲ್ಲಿ ಹೇಗೆ ಕರಗುತ್ತಾ ಬರುತ್ತದೆ ಅನ್ನುವುದೇ ಅರ್ಧ ಕಥೆ. ಡಬ್ಬಿಂಗಿನಲ್ಲಿ ಅದು ಹೋಗುತ್ತದೆ, 1.5ರಲ್ಲೂ ಹೋಗುತ್ತದೆ.

ಜಪಾನಿನದು ಬೇಕಿದ್ದರೆ ಒಂದೇ ಒಂದು ಸಿನಿಮಾ ಹೇಳುತ್ತೇನೆ. ಕೊರೆಎದಾ ಹಿರೊಕಾಜು ಮಾಡಿದ 2008ರ ಸ್ಟಿಲ್ ವಾಕಿಂಗ್. ಎರಡು ಗಂಟೆಗೂ ಕಮ್ಮಿ. ತೀರಿಹೋದ ದೊಡ್ಡ ಮಗನ ನೆನಪಿನ ದಿನಕ್ಕೆ ಮನೆಯವರೆಲ್ಲ ಸೇರುತ್ತಾರೆ, ಅಷ್ಟೇ ಕಥೆ. ಶುರುವಾಗುವುದೇ ತಾಯಿ ಮಗಳು ತರಕಾರಿ ಹೆರೆಯುವುದರಿಂದ. ಆಮೇಲೆ ಮೆಕ್ಕೆಜೋಳದ ಕಾಳು ಬಿಡಿಸಿ ಎಣ್ಣೆಗೆ ಬಿಡುತ್ತಾರೆ, ಅದು ಸಿಡಿಯುವ ಸದ್ದಿಗೇ ಒಬ್ಬೊಬ್ಬರೂ ಅಡುಗೆಮನೆಗೆ ಬರುತ್ತಾರೆ. ಮುಳುಗುತ್ತಿದ್ದ ಒಬ್ಬ ಹುಡುಗನನ್ನು ಉಳಿಸಲು ಹೋಗಿ ಆ ದೊಡ್ಡ ಮಗ ಸತ್ತಿರುತ್ತಾನೆ. ಬದುಕುಳಿದ ಆ ಹುಡುಗನನ್ನು ತಾಯಿ ಪ್ರತಿ ವರ್ಷ ಮನೆಗೆ ಕರೆಯುತ್ತಾಳೆ. ಯಾಕೆ ಕರೆಯುತ್ತಾಳೆ ಅಂತ ಅವಳು ಮೆಲ್ಲಗೆ ಹೇಳುವಾಗ ನನ್ನ ಬೆನ್ನು ತಣ್ಣಗಾಯಿತು. ಆ ಮನೆಯಲ್ಲಿ ತಾಯಿಗೂ ಎರಡನೇ ಮಗನಿಗೂ ಒಬ್ಬ ಸುಮೊ ಕುಸ್ತಿಪಟುವಿನ ಹೆಸರು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ವಾಪಸ್ ಹೊರಟು ಬಸ್ಸು ಹತ್ತಿ ಕೂತಮೇಲೆ ಮಗನಿಗೆ ಅದು ನೆನಪಾಗುತ್ತದೆ. ಯಾವಾಗಲೂ ಹೀಗೇ, ಸ್ವಲ್ಪ ತಡ ಅನ್ನುತ್ತಾನೆ. ಅದನ್ನು ನೋಡಿ ನಾನು ಆ ರಾತ್ರಿ ಬೇರೇನೂ ನೋಡಲಿಲ್ಲ. ನೀವೂ ಹಾಗೇ ಮಾಡಿ. ಒಂದು ಮುಗಿದ ತಕ್ಷಣ ಇನ್ನೊಂದು ಹಾಕಬೇಡಿ.

ಆಗುವುದಾದರೆ ಒಬ್ಬರ ಜೊತೆ ನೋಡಿ. 2025ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್ ಬಂತು. ಶುಕ್ರವಾರಕ್ಕೆ ನಾಲ್ಕರಂತೆ ನಾಲ್ಕು ವಾರ, ಒಟ್ಟು 16. ಮುಂದಕ್ಕೆ ಓಡಲು ಅವರೇ ಬಿಡಲಿಲ್ಲ, ಅದು ಒಳ್ಳೆಯದೇ ಆಯಿತು. ನಾನೇ ಅಕ್ಕನನ್ನು ಕೇಳಿದೆ, ನೋಡೋಣವಾ ಅಂತ. ಜೆಜು ದ್ವೀಪದ ಕಥೆ. ನಾಯಕಿ ಎಸುನ್‌ಳ ತಾಯಿ ಹೆನ್ಯೊ, ಅಂದರೆ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಕಡಲಿಗೆ ಇಳಿದು ಚಿಪ್ಪು ಕಿತ್ತು ತರುವವಳು. ಮಗಳು ಚಿಕ್ಕವಳಿದ್ದಾಗ ಒಂದು ಪದ್ಯ ಬರೆಯುತ್ತಾಳೆ. ಚಿಪ್ಪು ಮಾರಿ ಅಮ್ಮನಿಗೆ ಬರುವ ದುಡ್ಡನ್ನು ನಾನೇ ಕೊಟ್ಟು ಅಮ್ಮನ ಒಂದು ದಿನವನ್ನು ಕೊಂಡುಕೊಳ್ಳುವ ಆಸೆ ಅಂತ. ಅಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಮನೆಗೆ ಬರುವಾಗ ರಾತ್ರಿ ಎಂಟಾಗುತ್ತದೆ, ಹತ್ತು ವರ್ಷದ ಮಗಳಿದ್ದಾಳೆ. ಆ ಪದ್ಯ ನೋಡಿದ ರಾತ್ರಿ ಫೋನಿನಲ್ಲಿ ಅವಳು ಡ್ರಾಮಾ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳ ಬಗ್ಗೆಯೇ ಒಂದು ಗಂಟೆ ಮಾತಾಡಿದಳು. ನಾನು ಹ್ಞೂ ಅನ್ನುತ್ತಾ ಕೇಳಿಸಿಕೊಂಡೆ.

ಕಳೆದ ತಿಂಗಳು ಅವಳೇ ಕೇಳಿದಳು, ಆ 1988 ಅರ್ಧಕ್ಕೆ ಬಿಟ್ಟಿದ್ದೆನಲ್ಲ, ಎಲ್ಲಿಂದ ಹಿಡಿಯಲಿ ಅಂತ. ಮೊದಲಿನಿಂದ ಅಂದೆ. ಗಂಡ ಯಾರು ಅನ್ನುವುದು ಅವಳಿಗೆ ಮರೆತೇಹೋಗಿದೆ. ಈಗ ನಾಲ್ಕನೇ ಎಪಿಸೋಡಿನಲ್ಲಿದ್ದೇವೆ.