ಕ್ಲೀನರ್ ಇಲ್ಲದ ರಿವರ್ಸ್

ಶನಿವಾರಸಂತೆಯ ತಮ್ಮನಿಗೆ,

ನೀವು ಅಣ್ಣ ಅಂತ ಬರೆದಿದ್ದೀರಿ, ನಾನೂ ತಮ್ಮ ಅಂತಲೇ ಕರೆಯುತ್ತೇನೆ. ಹೆಂಡತಿ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗಿ ಆರು ತಿಂಗಳಾಯಿತು, ಮಾರ್ಚಿನಲ್ಲಿ ನೀವೂ ಹೊರಡುತ್ತೀರಿ. ಇಲ್ಲಿ ಹನ್ನೊಂದು ವರ್ಷ ಲಾರಿ ಓಡಿಸಿದ್ದೀರಿ. ಅಲ್ಲಿ ಟ್ರೈಲರ್ ಲಾರಿ ಓಡಿಸೋಕೆ ಆಗುತ್ತಾ, ರಿವರ್ಸ್ ಟೆಸ್ಟಲ್ಲಿ ಎಂಥವರೂ ಬೀಳ್ತಾರಂತೆ ಹೌದಾ ಅಂತ ಕೇಳಿದ್ದೀರಿ. ನಾನು ಲೆಸ್ಟರ್ ಹತ್ತಿರ ಹತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ. ಈಗ ರಜೆಗೆ ಸುಂಟಿಕೊಪ್ಪದ ಮನೆಗೆ ಬಂದಿದ್ದೇನೆ. ಎದುರಿನ ಕಣದಲ್ಲಿ ಚಿಕ್ಕಪ್ಪನ ರೋಬಸ್ಟಾ ಕಾಫಿ ಒಣಗುತ್ತಿದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಆ ಟ್ರ್ಯಾಕ್ಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದದ ವಿಷಯ ಮುಗಿಸಿಬಿಡೋಣ. ನಿಮ್ಮ ಮಡಿಕೇರಿಯ ಹೆವಿ ಲೈಸೆನ್ಸ್ ಅಲ್ಲಿ ಲಾರಿಗೆ ಲೆಕ್ಕಕ್ಕಿಲ್ಲ. ನಮ್ಮ ದೇಶದ ಲೈಸೆನ್ಸನ್ನು ಅವರು ಬದಲಾಯಿಸಿಯೂ ಕೊಡುವುದಿಲ್ಲ. ಅದನ್ನು ಇಟ್ಟುಕೊಂಡು ಹನ್ನೆರಡು ತಿಂಗಳು ಕಾರು ಓಡಿಸಬಹುದು, ಅಷ್ಟೇ. ಅಷ್ಟರೊಳಗೆ ಅಲ್ಲಿನ ಕಾರ್ ಟೆಸ್ಟ್ ಪಾಸ್ ಮಾಡಿಕೊಳ್ಳಿ. ಗೇರ್ ಇರುವ ಕಾರಿನಲ್ಲೇ ಕೊಡಿ. ಆಟೋಮ್ಯಾಟಿಕ್ ಸುಲಭ ಅಂತ ಹೋದರೆ ಮುಂದೆ ತೊಂದರೆ. ಕಾರ್ ಲೈಸೆನ್ಸ್ ಕೈಗೆ ಬಂದ ಮೇಲೆ ಲಾರಿಗೆ ಡಾಕ್ಟರ್ ಪರೀಕ್ಷೆ. ಕಣ್ಣು, ಬಿ.ಪಿ., ಶುಗರ್ ಎಲ್ಲ ನೋಡುತ್ತಾರೆ. ಆಮೇಲೆ ಕಂಪ್ಯೂಟರಲ್ಲಿ ಥಿಯರಿ: 100 ಪ್ರಶ್ನೆ, 85 ಸರಿ ಇರಬೇಕು. ರಸ್ತೆಯ ವಿಡಿಯೋ ತೋರಿಸಿ ಅಪಾಯ ಬರುವ ಹೊತ್ತಿಗೆ ಕ್ಲಿಕ್ ಮಾಡಿಸುವ ಇನ್ನೊಂದು ಭಾಗ ಇದೆ, ಅದರಲ್ಲಿ 100ಕ್ಕೆ 67. ನಾನು ಮೊದಲ ಸಲ ಈ ವಿಡಿಯೋದಲ್ಲೇ ಬಿದ್ದೆ. ನಮ್ಮ ರಸ್ತೆಯ ಅಭ್ಯಾಸಕ್ಕೆ ಅಲ್ಲಿ ತೋರಿಸಿದ್ದು ಯಾವುದೂ ಅಪಾಯ ಅಂತ ಅನ್ನಿಸಲೇ ಇಲ್ಲ!

ಒಂದು ಮಾತು, ಇದು ನಿಮಗಲ್ಲ, ನಿಮ್ಮ ಗೆಳೆಯರಿಗೆ. ಲಾರಿ ಡ್ರೈವರ್ ವೀಸಾ ಕೊಡಿಸ್ತೀವಿ ಅಂತ ಲಕ್ಷಗಟ್ಟಲೆ ಕೇಳುವವರು ಇದ್ದಾರೆ. 2021ರ ಕೊನೆಯಲ್ಲಿ ಡ್ರೈವರ್‌ಗಳು ಸಿಗದೆ ಒದ್ದಾಡಿದಾಗ ಕೆಲವೇ ತಿಂಗಳ ತಾತ್ಕಾಲಿಕ ವೀಸಾ ಕೊಟ್ಟಿದ್ದರು. ಅದು ಮುಗಿದ ಕಥೆ. ನೀವು ಹೆಂಡತಿಯ ವೀಸಾದ ಮೇಲೆ ಹೋಗುತ್ತಿರುವುದರಿಂದ ನಿಮಗೆ ಕೆಲಸ ಮಾಡೋಕೆ ದಾರಿ ಇದೆ. ಬರೀ ಸ್ಟೇರಿಂಗ್ ನಂಬಿ ಯಾರೂ ಹಣ ಕಟ್ಟಬಾರದು.

ಈಗ ರಿವರ್ಸ್.

ನಾನು ಹದಿನಾರನೇ ವಯಸ್ಸಿಗೆ ಸೋದರಮಾವನ ಲಾರಿಯಲ್ಲಿ ಕ್ಲೀನರ್ ಆದವನು. ತೋಟದಿಂದ ಕಾಫಿ ಮೂಟೆ ತುಂಬಿಕೊಂಡು ಕುಶಾಲನಗರದ ಕೂಡ್ಲೂರಿನಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿದ್ದೆವು. ತೋಟದ ರಸ್ತೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಕಡೆ ಮಣ್ಣಿನ ಬರೆ, ಇನ್ನೊಂದು ಕಡೆ ಚರಂಡಿ, ತಿರುಗಿಸೋಕೆ ಜಾಗ ಇಲ್ಲ. ಮಾವ ಗೇರ್ ಹಾಕಿದ ಕೂಡಲೇ ನಾನು ಹಾರಿ ಇಳಿದು ಹಿಂದೆ ಓಡಬೇಕು. ಬರ್ಲಿ, ಬರ್ಲಿ, ಲೆಫ್ಟ್ ಕಟ್, ಬರ್ಲಿ, ಹೋಲ್ಡಾನ್! ಅಂತ ಹೇಳುವಾಗ ಲಾರಿಯ ಬಾಡಿ ಮೇಲೆ ಎರಡು ಸಲ ಬಡಿಯಬೇಕು. ಮಾವ ಕನ್ನಡಿ ನೋಡಿದ್ದು ನಾನು ಕಾಣೆ. ನನ್ನ ಬಡಿತವೇ ಅವರ ಕಣ್ಣು. ಆಮೇಲೆ ನಾನೇ ಡ್ರೈವರ್ ಆದಾಗಲೂ ಹಾಗೇ, ಹಿಂದೆ ಒಬ್ಬ ಹುಡುಗ ಬಡಿಯುತ್ತಿದ್ದ. ನೀವೂ ಹಾಗೇ ಕಲಿತಿರುತ್ತೀರಿ ಅಲ್ವಾ?

ಅಲ್ಲಿ ಕ್ಲೀನರ್ ಅನ್ನೋ ಪ್ರಾಣಿಯೇ ಇಲ್ಲ. ಹದಿನಾರೂವರೆ ಮೀಟರ್ ಉದ್ದದ ಗಾಡಿ, ಒಳಗೆ ನೀವೊಬ್ಬರೇ. ನನ್ನ ಅನುಭವದಲ್ಲಿ ಕಷ್ಟ ಅಂದರೆ ಇದೇ. ಸ್ಟೇರಿಂಗ್ ಎರಡು ವಾರದಲ್ಲಿ ಕೈಗೆ ಬರುತ್ತದೆ. ಹಿಂದೆ ಯಾರೂ ಕೂಗದೆ ಇರುವಾಗ ಗಾಡಿ ಹಿಂದಕ್ಕೆ ಬಿಡೋದು ಕಲಿಯೋಕೆ ನನಗೆ ಅದಕ್ಕಿಂತ ಜಾಸ್ತಿ ದಿನ ಬೇಕಾಯಿತು.

ಟೆಸ್ಟಲ್ಲಿ ಏನಿರುತ್ತದೆ ಅಂದರೆ, ಖಾಲಿ ಮೈದಾನದಲ್ಲಿ ಕೋನ್ ಇಟ್ಟಿರುತ್ತಾರೆ. ನೇರ ನಿಂತ ಗಾಡಿಯನ್ನು ಹಿಂದಕ್ಕೆ ಬಿಟ್ಟು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಒಂದು ಕಡೆ ತಿರುಗಿಸಿ, ಮತ್ತೆ ಇನ್ನೊಂದು ಕಡೆ ತಿರುಗಿಸಿ, ಎರಡು ಸಾಲು ಕೋನ್ ಮಧ್ಯದ ಗೂಡಿಗೆ ನೇರವಾಗಿ ಸೇರಿಸಬೇಕು. ಟ್ರೈಲರಿನ ಹಿಂಭಾಗ ಗುರುತು ಹಾಕಿದ ಜಾಗದಲ್ಲೇ ನಿಲ್ಲಬೇಕು. ಮುಂದಕ್ಕೆ ಎಳೆದು ಸರಿಮಾಡಿಕೊಳ್ಳೋಕೆ, ಇಳಿದು ನೋಡೋಕೆ ಬಿಡುತ್ತಾರೆ, ಆದರೆ ಎಷ್ಟು ಸಲ ಅನ್ನೋದಕ್ಕೆ ಲೆಕ್ಕ ಇದೆ. ಕೋನ್ ಬೀಳಿಸಿದರೆ ಮುಗೀತು. ಇದನ್ನೂ, ಟ್ರೈಲರ್ ಬಿಚ್ಚಿ ಮತ್ತೆ ಸೇರಿಸುವುದನ್ನೂ ಈಗ ರಸ್ತೆಯ ಟೆಸ್ಟಿನಿಂದ ಬೇರೆ ಮಾಡಿದ್ದಾರೆ. ನಾನು 2016ರಲ್ಲಿ ಪಾಸಾದಾಗ ಎಲ್ಲ ಒಂದೇ ದಿನ ಇತ್ತು. ಆಗ ಮೊದಲು ಟ್ರೈಲರ್ ಇಲ್ಲದ ಲಾರಿ ಪಾಸಾಗಬೇಕಿತ್ತು, ಆಮೇಲೆ ಟ್ರೈಲರ್. 2021ರ ನವೆಂಬರಿನಿಂದ ಕಾರ್ ಲೈಸೆನ್ಸ್ ಇರುವವರು ನೇರ ಟ್ರೈಲರ್ ಟೆಸ್ಟಿಗೇ ಹೋಗಬಹುದು. ನಿಮಗೆ ಒಂದು ಖರ್ಚು ಉಳಿಯಿತು.

ನಮ್ಮ ಲಾರಿಗೂ ಅದಕ್ಕೂ ವ್ಯತ್ಯಾಸ ಇಷ್ಟೇ. ನಮ್ಮದು ಒಂದೇ ಕಟ್ಟಿಗೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಹಿಂದೆ ಬಿಟ್ಟರೆ ಹಿಂಭಾಗ ಎಡಕ್ಕೆ ಹೋಗುತ್ತದೆ. ಟ್ರೈಲರ್ ಲಾರಿ ಎರಡು ಕಟ್ಟಿಗೆ, ಮಧ್ಯೆ ಒಂದು ಕೀಲು. ಟ್ರೈಲರಿನ ಅಡಿಯಲ್ಲಿ ದಪ್ಪ ಗೂಟದಂಥ ಕಿಂಗ್‌ಪಿನ್ ಇರುತ್ತದೆ, ಅದು ಎಳೆಯುವ ಮುಂದಿನ ಗಾಡಿಯ ಫಿಫ್ತ್ ವೀಲ್ ಅನ್ನೋ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಟ್ರೈಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಮುಂದಿನ ಗಾಡಿ ಅದರ ಮೂತಿಯನ್ನು ಬಲಕ್ಕೆ ತಳ್ಳಬೇಕು. ಅಂದರೆ ಸ್ಟೇರಿಂಗ್ ಬಲಕ್ಕೆ. ಹೇಳೋಕೆ ಸುಲಭ. ಹನ್ನೊಂದು ವರ್ಷ ಪಳಗಿದ ನಿಮ್ಮ ಕೈ ಮಾತ್ರ ಇದನ್ನು ಕೇಳುವುದಿಲ್ಲ. ಲಾರಿ ಕೆಲಸಕ್ಕೆ ಹೊಸಬರಾದ ಹುಡುಗರು ನನಗಿಂತ ಬೇಗ ಕಲಿತರು, ಅವರ ಕೈಗೆ ಮರೆಯಬೇಕಾದ್ದು ಏನೂ ಇರಲಿಲ್ಲ.

ನನಗೆ ಕಲಿಸಿದವನು ಒಂದು ಉಪಾಯ ಹೇಳಿದ. ಸ್ಟೇರಿಂಗನ್ನು ಕೆಳಗಡೆ ಹಿಡಿ, ಗಡಿಯಾರದಲ್ಲಿ ಆರು ಇರುವ ಕಡೆ. ಈಗ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸು. ಎಡ ಬಲ ಅಂತ ಯೋಚನೆ ಮಾಡುವುದೇ ಬೇಡ. ನೇರವಾಗಿ ಹಿಂದೆ ಹೋಗುವಾಗ ಇನ್ನೊಂದು: ಯಾವ ಕನ್ನಡಿಯಲ್ಲಿ ಟ್ರೈಲರ್ ಜಾಸ್ತಿ ಕಾಣಿಸುತ್ತದೋ ಸ್ಟೇರಿಂಗ್ ಆ ಕನ್ನಡಿಯ ಕಡೆಗೇ ತಿರುಗಿಸಬೇಕು. ಬಾಲ ತಾನಾಗಿ ಸರಿಹೋಗುತ್ತದೆ. ಸ್ವಲ್ಪವೇ ತಿರುಗಿಸಿ, ಕಾಯಬೇಕು. ಟ್ರೈಲರ್ ಉದ್ದ ಇರುವುದರಿಂದ ನೀವು ಮಾಡಿದ್ದು ಹಿಂದೆ ಕಾಣಿಸೋಕೆ ಒಂದು ಗಳಿಗೆ ಹಿಡಿಯುತ್ತದೆ. ಏನೂ ಆಗ್ತಾ ಇಲ್ಲ ಅಂತ ಇನ್ನೂ ಒಂದು ಸುತ್ತು ತಿರುಗಿಸಿದಿರೋ, ಎರಡೂ ಸೇರಿ ಒಟ್ಟಿಗೆ ಬರುತ್ತದೆ. ಆಮೇಲೆ ಹಿಡಿಯೋಕಾಗಲ್ಲ.

ತಿರುವು ಶುರುವಾದ ಮೇಲೆ ಅರ್ಧ ಜನ ಅಲ್ಲೇ ಕೆಡಿಸುತ್ತಾರೆ. ಬಾಲ ತಿರುಗೋಕೆ ಶುರುವಾಯಿತು ಅಂದರೆ ಸ್ಟೇರಿಂಗ್ ಹಾಗೇ ಹಿಡಿದು ಕೂರಬಾರದು. ವಾಪಸ್ ತಿರುಗಿಸಿ, ನೇರವನ್ನೂ ದಾಟಿ ಈಚೆ ಕಡೆಗೆ ತಂದು, ಮುಂದಿನ ಗಾಡಿಯನ್ನು ಟ್ರೈಲರಿನ ಹಿಂದೆಯೇ ಕಳಿಸಬೇಕು. ಎಮ್ಮೆ ಹೊಡೆದುಕೊಂಡು ಹೋಗುವಾಗ ಅದು ತಿರುಗಿದ ಕಡೆ ನಾವೂ ಸುತ್ತಿಕೊಂಡು ಹೋಗಲ್ವಾ, ಹಾಗೆ. ಹೋಗದಿದ್ದರೆ ಎರಡೂ ಮಡಚಿಕೊಳ್ಳುತ್ತವೆ. ಎರಡನೇ ದಿನ ನನ್ನ ಗಾಡಿ ಅಡಿಕೆಕತ್ತರಿಯ ಹಾಗೆ ಮಡಚಿ ನಿಂತಿತ್ತು. ಕ್ಯಾಬಿನ್ನಿಗೂ ಟ್ರೈಲರಿನ ಮೂಲೆಗೂ ಮಧ್ಯೆ ಒಂದು ಗೇಣು. ಕಲಿಸುವವನು ಕಿಟಕಿ ಪಕ್ಕ ನಿಂತು ಕಾಫಿ ಕುಡಿಯುತ್ತಾ, ಈಗ ಏನು ಮಾಡ್ತೀಯ ಅಂತ ಮಾತ್ರ ಕೇಳಿದ. ಮುಂದಕ್ಕೆ ಎಳೆಯೋದು, ಬೇರೆ ದಾರಿ ಇಲ್ಲ. ಬಿಗಿಯಾದ ಮೇಲೆ ಹಿಂದಕ್ಕೇ ಹೋಗಿ ಬಿಡಿಸುತ್ತೇನೆ ಅನ್ನುವ ಹಟ ನಮ್ಮೂರ ಡ್ರೈವರ್‌ಗಳಿಗೆ ಇರುತ್ತದೆ. ನನಗೂ ಇತ್ತು. ಬಿಡಿ ಅದನ್ನು.

ಕಣ್ಣು ಎಲ್ಲಿರಬೇಕು? ಬಾಲದ ಮೇಲಲ್ಲ, ಟ್ರೈಲರಿನ ಚಕ್ರಗಳ ಮೇಲೆ. ಹಿಂದೆ ಮೂರು ಆಕ್ಸಲ್ ಇದ್ದರೆ ಹೆಚ್ಚುಕಡಿಮೆ ಮಧ್ಯದ ಆಕ್ಸಲ್ ಸುತ್ತ ಗಾಡಿ ತಿರುಗುತ್ತದೆ. ಇನ್ನೊಂದು, ಅಲ್ಲೂ ನಮ್ಮ ಹಾಗೇ ಡ್ರೈವರ್ ಬಲಗಡೆ ಕೂರುವುದು. ಬಾಲ ಬಲಕ್ಕೆ ತಿರುಗಿದರೆ ಕಿಟಕಿಯಿಂದಲೇ ಕಾಣಿಸುತ್ತದೆ. ಎಡಕ್ಕೆ ಹೋದರೆ ಎಡಗನ್ನಡಿಯಲ್ಲಿ ಟ್ರೈಲರಿನ ಪಕ್ಕದ ಗೋಡೆ ಮಾತ್ರ, ಬಾಲ ಕಾಣುವುದೇ ಇಲ್ಲ. ಅದಕ್ಕೆ ಕುರುಡು ಕಡೆ ಅಂತಾರೆ. ಅನುಮಾನ ಬಂದರೆ ಹ್ಯಾಂಡ್ ಬ್ರೇಕ್ ಎಳೆದು ಇಳಿದು ಹೋಗಿ ನೋಡಿ. ಮೊದಲು ನನಗೆ ಇದು ಅವಮಾನ ಅನ್ನಿಸುತ್ತಿತ್ತು. ನಾನು ಮೊದಲ ಟೆಸ್ಟಲ್ಲಿ ಬಿದ್ದಿದ್ದು ಇದೇ ಕಾರಣಕ್ಕೆ. ಇಳಿದು ನೋಡೋಕೆ ಅವಕಾಶ ಇತ್ತು, ಪರೀಕ್ಷೆ ಮಾಡುವವರ ಮುಂದೆ ಇಳಿಯೋಕೆ ನಾಚಿಕೆ. ಕುರುಡು ಕಡೆಯ ಕೋನ್ ಮೇಲೆ ಚಕ್ರ ಹತ್ತಿತು. ಸದ್ದೂ ಬರಲಿಲ್ಲ. ಹಿಂದೆ ಕೂಗುವ ಹುಡುಗ ಇದ್ದಿದ್ದರೆ ಅಂತ ಆವತ್ತು ಎಷ್ಟು ಅನ್ನಿಸಿತೋ.

ಬಿಚ್ಚಿ ಸೇರಿಸುವುದು ಕಂಠಪಾಠದ ಕೆಲಸ. ಬ್ರೇಕ್, ಟ್ರೈಲರಿನ ಕಾಲು ಇಳಿಸುವುದು, ಗಾಳಿ ಪೈಪು ಮತ್ತು ಕರೆಂಟ್ ವೈರು ತೆಗೆಯುವುದು, ಕೊಂಡಿಯ ಹಿಡಿ ಎಳೆಯುವುದು. ಹಿಂದಿನ ನಂಬರ್ ಪ್ಲೇಟ್ ತೆಗೆಯೋದು ಮರೆಯಬೇಡಿ, ಅಲ್ಲಿ ಟ್ರೈಲರಿನ ಬೆನ್ನಿಗೆ ಎಳೆಯುವ ಗಾಡಿಯ ನಂಬರೇ ಇರುತ್ತದೆ. ಸೇರಿಸಿದ ಮೇಲೆ ಒಂದು ಸಲ ಮುಂದಕ್ಕೆ ಜಗ್ಗಿ, ಕಚ್ಚಿಕೊಂಡಿದೆಯಾ ಅಂತ ನೋಡಬೇಕು. ಕ್ರಮ ತಪ್ಪಬಾರದು, ಅಷ್ಟೇ.

ಜೀವನ ಹೇಗಿದೆ ಅಂತಲೂ ಕೇಳಿದ್ದೀರಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು. ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಎಲ್ಲ ಬರೆದಿಡುತ್ತದೆ, ಮಾಲೀಕನಿಗೂ ನಿಮಗೂ ಸುಳ್ಳು ಹೇಳೋಕೆ ಜಾಗ ಇಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು ಮುಟ್ಟಿ, ಮಲಗದೆ ಅದೇ ರಾತ್ರಿ ವಾಪಸ್ ಬಂದವನಿಗೆ ಇದು ಸ್ವರ್ಗ. ಆದರೆ ರಾತ್ರಿ ಎರಡು ಗಂಟೆಗೆ ಯಾವುದೋ ಗೋದಾಮಿನ ಬಾಗಿಲಿಗೆ ರಿವರ್ಸ್ ಹಾಕಬೇಕು, ಮಳೆ ಹನಿ ಕನ್ನಡಿಯ ಮೇಲೆ, ಎರಡೂ ಪಕ್ಕ ಬೇರೆ ಲಾರಿಗಳು. ಹೆಚ್ಚು ಕಡೆ ನಿಲ್ಲಿಸಿದ ಕೂಡಲೇ ಕೀಲಿ ಇಸಿದುಕೊಳ್ಳುತ್ತಾರೆ, ಒಳಗೆ ಜನ ಇರುವಾಗ ಗಾಡಿ ಮುಂದಕ್ಕೆ ಹೋಗಬಾರದು ಅಂತ. ಮೂಟೆ ಇಳಿಸುವವರ ಜೊತೆ ಹರಟೆ, ಒಂದು ಬೀಡಿ, ಹೋಟೆಲ್ಲಿನ ಪರೋಟ, ಇದ್ಯಾವುದೂ ಇಲ್ಲ. ಕ್ಯಾಬಿನ್ನಲ್ಲಿ ಕೂತು ಡಬ್ಬಿಯ ಅಕ್ಕಿರೊಟ್ಟಿ ತಿನ್ನೋದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು. ಮೊದಲ ಚಳಿಗಾಲ ನಾನು ಟ್ರೈಲರಿನ ಹತ್ತಿರ ಇಳಿದು ಹೋಗಿ ಸುಮ್ನೆ ಒಂದೆರಡು ಸಲ ಅದರ ಬಾಡಿ ಮೇಲೆ ಬಡಿದು ಬಂದಿದ್ದುಂಟು. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ಈಗ ಟ್ರ್ಯಾಕ್ಟರ್. ಎರಡು ಚಕ್ರದ ಟ್ರೇಲರ್ ಸಿಕ್ಕಿಸಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡೋದೂ ಇದೇ ವಿದ್ಯೆ. ಕೀಲು ಒಂದೇ, ಸ್ಟೇರಿಂಗ್ ಉಲ್ಟಾ. ನೋಡಿ, ನಮ್ಮ ಗದ್ದೆ ಬದಿಯ ಹುಡುಗರಿಗೆ ಇದು ಊಟ ಮಾಡಿದಷ್ಟು ಸಲೀಸು. ನಾಲ್ಕು ಚಕ್ರದ್ದು ಬೇಡ, ಅದರ ಮುಂದಿನ ಆಕ್ಸಲ್ಲೂ ತಿರುಗುತ್ತದೆ, ಎರಡು ಕಡೆ ಮಡಚುತ್ತದೆ, ತಲೆ ಕೆಡುತ್ತದೆ. ಎರಡು ಚಕ್ರದ್ದರಲ್ಲಿ ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಅದು ಗಿಡ್ಡ, ಅದಕ್ಕೇ ಬಲು ಬೇಗ ಮಡಚಿಕೊಳ್ಳುತ್ತದೆ. ಉದ್ದದ್ದು ನಿಧಾನ. ಗಿಡ್ಡದ್ದನ್ನು ನೇರವಾಗಿ ಇಪ್ಪತ್ತು ಮಾರು ಹಿಂದೆ ಬಿಟ್ಟವನಿಗೆ ಉದ್ದದ್ದು ಹೆದರಿಸುವುದಿಲ್ಲ. ನನಗೆ ಇದು ಹೊಳೆದದ್ದು ಪಾಸಾದ ಎಷ್ಟೋ ದಿನದ ಮೇಲೆ. ಮೊದಲೇ ಹೊಳೆದಿದ್ದರೆ ಒಂದು ಟೆಸ್ಟಿನ ಹಣ ಉಳಿಯುತ್ತಿತ್ತು.

ನಾನು ಫೆಬ್ರವರಿ ಹತ್ತರವರೆಗೆ ಇಲ್ಲೇ ಇರುತ್ತೇನೆ. ಭಾನುವಾರ ಮಧ್ಯಾಹ್ನ ಟ್ರ್ಯಾಕ್ಟರ್ ಖಾಲಿ ಇರುತ್ತದೆ. ಕಣದಲ್ಲಿ ಕಾಫಿ ಹರಡಿದೆ, ಅದರ ಮೇಲೆ ಚಕ್ರ ಹತ್ತಿಸಿದರೆ ಚಿಕ್ಕಪ್ಪ ಇಬ್ಬರನ್ನೂ ಓಡಿಸುತ್ತಾರೆ. ಕೆಳಗಿನ ಗದ್ದೆ ಕೊಯ್ಲಾಗಿ ಒಣಗಿದೆ, ಅಲ್ಲಿಗೆ ಹೋಗೋಣ. ಕೋನ್ ಬದಲು ಬಾಳೆದಿಂಡು ಕಡಿದು ನಿಲ್ಲಿಸುತ್ತೇನೆ. ಕುಶಾಲನಗರದಿಂದ ಬರುವಾಗ ಒಂದು ಫೋನ್ ಮಾಡಿ. ಜೊತೆಗೆ ಯಾರನ್ನಾದರೂ ಕರೆತಂದರೆ ತರಬಹುದು, ಆದರೆ ಅವರು ಗದ್ದೆಯ ಬದುವಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು.